ಧೋತರಕ್ಕೆ ಎಷ್ಟು ನೀಲಿ

ಮೊದಲು ಹಳದಿಯಾದದ್ದು ನಮ್ಮನೆಯವರ ಧೋತರ.

ಅವರು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಬಿಳಿ ಧೋತರ, ಬಿಳಿ ಅಂಗಿ, ಕರಿ ಟೊಪ್ಪಿಗೆ. ಇದು ಎಂದೂ ತಪ್ಪಿದ್ದಿಲ್ಲ. ಆ ಬಿಳುಪು ನನ್ನ ಕೈಯದು. ಬೇರೆ ಯಾವ ಕೆಲಸ ಯಾರಿಗೆ ಕೊಟ್ಟರೂ ಧೋತರ ಒಗೆಯುವುದನ್ನು ಮಾತ್ರ ನಾನು ಬಿಟ್ಟುಕೊಟ್ಟವಳಲ್ಲ. ಹಿತ್ತಲ ಕಲ್ಲಿನ ಮೇಲೆ ಒಗೆದು, ಚೆನ್ನಾಗಿ ಹಿಂಡಿ, ಕೊನೆಯ ಬಕೆಟ್ಟಿನ ನೀರಿನಲ್ಲಿ ನೀಲಿಯ ಗಂಟು ಆಡಿಸಬೇಕು. ನೀಲಿ ಪುಡಿಯನ್ನು ಹಳೆ ಅರಿವೆಯ ಚೂರಿನಲ್ಲಿ ಕಟ್ಟಿದ ಪುಟ್ಟ ಗಂಟು ಅದು. ತುಸು ಹೆಚ್ಚು ಆಡಿಸಿದರೆ ಬಟ್ಟೆ ನೀಲಿಯಾಗುತ್ತದೆ, ಕಡಿಮೆಯಾದರೆ ಹಳದಿ ಉಳಿಯುತ್ತದೆ. ಅಳತೆ ಎಂಬುದಿಲ್ಲ. ಕಣ್ಣು ಸಾಕು ಅಂದಾಗ ಕೈ ನಿಲ್ಲಬೇಕು.

ಆ ವರ್ಷ ನನ್ನ ಕಣ್ಣು ಸಾಕು ಅನ್ನಲೇ ಇಲ್ಲ.

ಸಬಕಾರ ಬದಲಿಸಿದೆ. ಬಾವಿಯ ನೀರು ಬಿಟ್ಟು ನಳದ ನೀರು ಹಿಡಿದೆ. ಸುಳ್ಳ ಊರಿನ ನನ್ನ ತವರುಮನೆಯಿಂದ ಅಂಟವಾಳಕಾಯಿ ತರಿಸಿ ಅದರ ನೊರೆಯಲ್ಲಿ ನೆನೆಸಿಟ್ಟೆ. ಬಿಸಿಲು ಹೆಚ್ಚಾಯಿತೇನೋ ಎಂದು ನೆರಳಿಗೆ ಹಾಕಿದೆ, ಆಮೇಲೆ ನೆರಳು ಹೆಚ್ಚಾಯಿತೇನೋ ಎಂದು ಬಿಸಿಲಿಗೆ ಹಾಕಿದೆ. ಹಳದಿ ಹೋಗಲಿಲ್ಲ. ಕೊನೆಗೆ ನೀಲಿಯ ಗಂಟನ್ನೇ ದೊಡ್ಡದು ಮಾಡಿದೆ.

ಕಣ್ಣಿನ ಮೇಲೆ ಸಂಶಯ ಬರಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ನನಗೆ ಚಾಳೀಸು ಬೇಡವಾಗಿತ್ತು. ನಾಲ್ಕೈದು ವರ್ಷದಿಂದ ಮೂಗಿನ ಮೇಲಿದ್ದ ಚಾಳೀಸನ್ನು ತೆಗೆದಿಟ್ಟು, ಬರಿಗಣ್ಣಿನಿಂದ ಸೂಜಿಗೆ ದಾರ ಪೋಣಿಸುತ್ತಿದ್ದೆ. ಓಣಿಯ ಹೆಂಗಸರಿಗೆಲ್ಲ ಇದನ್ನು ಹೇಳಿಕೊಂಡು ತಿರುಗಿದ್ದೇನೆ. ದೂರದ ಮುಖಗಳು ಮಸುಕಾಗಿದ್ದವು, ಸಂಜೆಯ ದೀಪದ ಸುತ್ತ ಉಂಗುರ ಕಾಣುತ್ತಿತ್ತು, ಖರೆ. ಆದರೆ ಸೂಜಿ ಕಾಣುವ ಕಣ್ಣಿಗೆ ಏನು ಧಾಡಿ ಎಂದುಕೊಂಡಿದ್ದೆ.

ಪಕ್ಕದ ಮನೆಯ ಮಾಬೂಬಿ ಒಂದು ದಿನ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದಳು. ಅವಳ ಗಂಡ ಮೋಟಾರು ರಿಪೇರಿ ಮಾಡುತ್ತಾನೆ. ಗಂಡನ ಎಣ್ಣೆ ಹಿಡಿದ ಅಂಗಿಗಳನ್ನು ತಿಕ್ಕಿ ತಿಕ್ಕಿ ಅವಳಿಗೆ ಒಗೆಯುವುದರ ಮೇಲೆ ಒಂದು ಥರದ ಅಧಿಕಾರ ಬಂದಿದೆ.

"ಅಕ್ಕಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಮಾಸ್ತರು ಏನರ ಹರಕಿ ಹೊತ್ತಾರೇನ್ರಿ?"

"ಯಾಕ?"

"ದಿನಾ ನೀಲಿ ಧೋತರ ಉಟ್ಕೊಂಡ ಸಾಲಿಗೆ ಹೊಂಟಿರ್ತಾರ, ಅದಕ್ಕ ಕೇಳಿದೆ."

ನಾನು ನಕ್ಕುಬಿಟ್ಟೆ. "ನಿನ್ನ ಕಣ್ಣಾಗ ಏನ ಬಿದ್ದೈತಿ ನೋಡ್ಕೋ. ಹಳದಿ ಹೋಗವಲ್ದು ಅಂತ ನಾ ಇಲ್ಲಿ ಸಾಯಾಕತ್ತೇನಿ."

ಅವಳು ನಗಲಿಲ್ಲ. ಒಳಗೆ ಹೋಗಿ ಒಂದು ಹೊಸ ಅರಿವೆಯ ತುಂಡು ತಂದು ಗೋಡೆಯ ಮೇಲೆ ಹರವಿದಳು. "ಇದ್ಯಾವ ಬಣ್ಣ ಹೇಳ್ರಿ."

"ಹಳದಿ. ಹಳೇ ಬೆಣ್ಣಿ ಇರ್ತೈತಲ್ಲ, ಹಂಗ."

"ತೋಬಾ. ಅಕ್ಕಾರ, ಇದು ದಿಂಬಿನ ಗವಸಣಿಕೆಗೆ ನಿನ್ನೆ ತಂದ ಬಿಳಿ ಲಾಂಗ್‌ಕ್ಲಾತ್. ಇನ್ನೂ ನೀರ ಕಂಡಿಲ್ಲ."

ಹಳದಿ ಧೋತರದಲ್ಲಿ ಇರಲಿಲ್ಲ.

ಸಂಜೆ ಇವರು ಬಂದು ಕೈಕಾಲು ತೊಳೆದು ಕೂತ ಮೇಲೆ ಕೇಳಿದೆ. ಚಹಾದ ಬಸಿಯಿಂದ ಮುಖ ಎತ್ತದೆ ಹೇಳಿದರು: "ನೀಲಿ ಸ್ವಲ್ಪ ಜಾಸ್ತಿ ಆಗಿತ್ತು."

"ಯಾವಾಗಿಂದ?"

"ದೀಪಾವಳಿ ಮುಂದಿಂದ ಇರಬೇಕು."

"ಒಂದ ಮಾತ ಹೇಳಬಾರದೇನ್ರಿ?"

"ನೀ ಅಷ್ಟ ಖಟಪಟಿ ಮಾಡಿ ಒಗೀತಿದ್ದಿ. ಉಡೂದ್ರಾಗ ನನಗೇನ ತ್ರಾಸ ಐತಿ?"

ಆವತ್ತೇ ನೀಲಿಯ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಇನ್ನು ಮುಂದೆ ಗಂಟು ನೀವೇ ಆಡಿಸಿರಿ, ನನ್ನ ಕಣ್ಣಿನ ಭರವಸೆ ನನಗಿಲ್ಲ ಎಂದೆ. ಅವರು ಡಬ್ಬಿ ತೆಗೆದುಕೊಂಡರು.

ಇಷ್ಟೇ ಆಗಿದ್ದರೆ ನಾನು ದವಾಖಾನೆಗೆ ಹೋಗುತ್ತಿರಲಿಲ್ಲವೇನೋ. ಆದರೆ ನಮ್ಮ ಒಬ್ಬಳೇ ಮಗಳು ಸರೋಜಾ ಚೊಚ್ಚಲ ಬಸುರಿ. ಅವಳನ್ನು ಗದಗಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಬಾಣಂತನ ತಾಯಿ ಮಾಡಬೇಕು. ಏಳನೆಯ ತಿಂಗಳ ಕುಬಸದ ಶಾಸ್ತ್ರ ಮುಗಿಸಿ ಅವಳನ್ನು ಕರೆತರಲು ಹೋದಾಗ ನಾನು ಅವರ ಹೊಸ್ತಿಲನ್ನೇ ಎಡವಿದೆ. ಬೀಗತಿ ಕೈ ಹಿಡಿದು ಎಬ್ಬಿಸಿದರು. ಎಬ್ಬಿಸುತ್ತಲೇ ಹೇಳಿದರು.

"ಶಾಂತಕ್ಕಾರ, ಬ್ಯಾರೇ ತಿಳ್ಕೋಬ್ಯಾಡ್ರಿ. ಹೆರಿಗಿ ಇಲ್ಲೇ ಆಗಲಿ. ಹಸಗೂಸಿನ ಕೆಲಸ, ಕಣ್ಣಾಗ ಕಣ್ಣಿಟ್ಟ ನೋಡಬೇಕಾಗ್ತೈತಿ."

ಮಾತಿನಲ್ಲಿ ವಿಷವಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಸರೋಜಾ ಮಾತ್ರ, "ಅತ್ತಿ, ನಮ್ಮವ್ವ ಕಣ್ಣ ತೋರಿಸ್ತಾಳ, ಆಮ್ಯಾಲೆ ನೋಡೂಣಂತ," ಎಂದು ನನ್ನ ಜೊತೆ ಹೊರಟುಬಂದಳು.

ಇವರು, ನಾನು, ಸರೋಜಾ ಮೂವರೂ ಟಾಂಗಾ ಮಾಡಿಕೊಂಡು ದವಾಖಾನೆಗೆ ಹೋದೆವು. ಕಣ್ಣಿನ ಡಾಕ್ಟರು ಧಾರವಾಡ ಕಡೆಯವರು, ಚಿಕ್ಕ ವಯಸ್ಸು, ಮಾತು ಬಲು ಮೆತ್ತಗೆ. ನನ್ನ ಗದ್ದವನ್ನು ಒಂದು ಕಟ್ಟೆಯ ಮೇಲೆ ಇಡಿಸಿ, ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಿಂದ ಬೆಳಕಿನ ಸೀಳು ಬಿಟ್ಟು ಬಹಳ ಹೊತ್ತು ನೋಡಿದರು. ಎರಡೂ ಕಣ್ಣಿನಲ್ಲಿ ಕ್ಯಾಟರಾಕ್ಟ್, ಅಂದರೆ ಪೊರೆ, ಎಡಗಣ್ಣಿನದು ಹೆಚ್ಚು ಎಂದರು.

"ಪೊರಿ ಅಂದ್ರ ಬೆಳ್ಳಗ ಇರ್ತೈತಲ್ರಿ?" ಎಂದೆ. ನಮ್ಮ ಅಜ್ಜನ ಕಣ್ಣಿನಲ್ಲಿ ಹಾಲಿನಂಥ ಪೊರೆ ಕಂಡವಳು ನಾನು.

"ನಿಮ್ಮದು ಬ್ಯಾರೆ ಥರದ್ದು ಅದ್ರಿ ಅವ್ವಾರ. ಕಣ್ಣಿನ ಲೆನ್ಸು ಒಳಗಿಂದನ ಹಳದಿ ಆಗಿ, ಗಟ್ಟಿಯಾಗಿ, ಈಗ ಕಂದು ಆಗ್ಲಿಕ್ಕತ್ತದ. ಗಟ್ಟಿ ಆಗೂ ಮುಂದ ಹತ್ತಿರದ್ದು ಸ್ವಲ್ಪ ದಿನ ಛಲೋ ಕಾಣ್ತದ. ಚಾಳೀಸು ಬಿಟ್ಟಿದ್ದು ಅದಕ್ಕ."

ನನ್ನ ಚಮತ್ಕಾರದ ಗುಟ್ಟು ಇದಾಗಿತ್ತು. ಓಣಿಯ ಹೆಂಗಸರಿಗೆ ಈಗ ಏನು ಹೇಳಲಿ ಎಂದು ಮೊದಲು ಅದೇ ಚಿಂತೆಯಾಯಿತು.

ಆಮೇಲೆ ಡಾಕ್ಟರು ಕಿಟಕಿಗೆ ಕಪ್ಪು ಪರದೆ ಎಳೆದು ಇನ್ನೊಂದು ದೀಪ ಹಚ್ಚಿದರು. ದೀಪವೆಂದರೆ ದೀಪವಲ್ಲ. ಕೋಣೆ ಕತ್ತಲೆಯಾಗಿಯೇ ಉಳಿಯಿತು, ಒಂದಿಷ್ಟು ನೇರಳೆ ಮಾತ್ರ. ಅದನ್ನು ನನ್ನ ಕಣ್ಣಿಗೆ ಹಿಡಿದ ಕೂಡಲೇ ಎದುರಿಗೆಲ್ಲ ಹಸಿರು ಮಂಜು ತುಂಬಿದ ಹಾಗಾಯಿತು. ಡಾಕ್ಟರ ಮುಖ ಕರಗಿಹೋಯಿತು.

"ಮಂಜು ಕಾಣಾಕತ್ತೈತ್ರಿ."

"ಅದು ಹೊರಗಿಲ್ರಿ. ಆ ಬೆಳಕು ನಿಮ್ಮ ಲೆನ್ಸಿಂದು." ಇವರನ್ನು ಹತ್ತಿರ ಕರೆದರು. "ಮಾಸ್ತರ, ಇಲ್ಲಿ ಬಂದು ನೋಡ್ರಿ."

ನಮ್ಮನೆಯವರು ಬಾಗಿ ನನ್ನ ಕಣ್ಣಿನೊಳಗೆ ನೋಡಿದರು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವರು ನನ್ನ ಕಣ್ಣು ನೋಡಿ ಎಷ್ಟು ವರ್ಷವಾಗಿತ್ತೋ. ಮಗಳ ಎದುರು ನನಗೆ ನಾಚಿಕೆಯಾಯಿತು.

"ಮಿಂಚುಹುಳ ಕೂತಂಗ ಐತಲ್ರಿ," ಎಂದರು.

ಡಾಕ್ಟರು ಅದಕ್ಕೆ ಫ್ಲೋರೆಸೆನ್ಸ್ ಎಂಬ ಹೆಸರು ಹೇಳಿದರು. ದವಾಖಾನೆಯಲ್ಲಿ ಆಗಷ್ಟೇ ಬಂದಿದ್ದ ಟ್ಯೂಬ್ ಲೈಟ್ ತೋರಿಸಿ ವಿವರಿಸಿದರು. ಅದರೊಳಗೆ ಹುಟ್ಟುವ ಬೆಳಕು ಕಣ್ಣಿಗೆ ಕಾಣದ್ದು. ಗಾಜಿಗೆ ಬಳಿದ ಪುಡಿ ಅದನ್ನು ನುಂಗಿ ಕಾಣುವ ಬೆಳಕು ಮಾಡಿ ಉಗುಳುತ್ತದೆ. ಲೆನ್ಸಿನಲ್ಲಿಯೂ ವಯಸ್ಸಾದಂತೆ ಅಂಥದೇನೋ ಕೂಡುತ್ತ ಹೋಗುತ್ತದೆ. ಅದು ಕಾಣದ ನೇರಳೆಯನ್ನು ನುಂಗುತ್ತದೆ, ಹಳದಿ ಹೆಚ್ಚಾದಂತೆ ನೀಲಿಯನ್ನೂ ನುಂಗುತ್ತದೆ. ಸರೋಜಾಳ ಕಣ್ಣಿಗೂ ಒಂದು ಕ್ಷಣ ದೀಪ ಹಿಡಿದರು. ಅವಳದರಲ್ಲಿ ಬೆಳಕು ಇತ್ತೋ ಇಲ್ಲವೋ ಎಂಬಷ್ಟು. ಇವರದರಲ್ಲಿ ಸ್ವಲ್ಪ ಹೆಚ್ಚು. ನನ್ನದರಲ್ಲಿ ನನ್ನ ವಯಸ್ಸಿಗೂ ಮೀರಿದ್ದು.

"ನನಗಷ್ಟ ಯಾಕ್ರಿ ಇಷ್ಟ ಲಗೂ?"

"ಖರೇ ಹೇಳಬೇಕಂದ್ರ ಇನ್ನೂ ಯಾರಿಗೂ ಪೂರಾ ಗೊತ್ತಿಲ್ರಿ. ಹುಡುಕ್ಲಿಕ್ಕತ್ತಾರ." ಗೊತ್ತಿಲ್ಲ ಎಂದು ಹೇಳಿದ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು. ಅವರ ಮೇಲೆ ಭರವಸೆ ಹುಟ್ಟಿದ್ದು ಅಲ್ಲಿಯೇ.

ಆ ಕತ್ತಲೆಯಲ್ಲಿ ಡಾಕ್ಟರ ಕೋಟು ಬೆಳ್ಳಗೆ ಹೊಳೆಯುತ್ತಿತ್ತಂತೆ. ಇವರ ಧೋತರ ಮಾತ್ರ ಮಂಕು. ಹೊರಗೆ ಬಂದ ಮೇಲೆ ಇವರು ಅಂದರು, "ಅವರ ಕೋಟಿಗೆ ಹೊಸಾ ಪುಡಿ ಹಾಕಿ ಒಗೀತಾರಂತ, ಅದೂ ನಿನ್ನ ಲೆನ್ಸಿನಂಗ ಬೆಳಗ್ತೈತಂತ. ನಮ್ಮದು ಬರೇ ನೀಲಿ." ಸರೋಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಕಣ್ಣಿಗೆ ಆಪರೇಷನ್ ಮಾಡೋಣ, ಗಾಯ ಮಾಯ್ದು ಕನ್ನಡಕ ಬರಲು ಒಂದೂವರೆ ತಿಂಗಳು ಎಂದರು. ಕೂಸೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರಬೇಕು. ಎಲ್ಲ ಸರಿ ಹೋದರೆ ನೋಟ. ಕೆಟ್ಟರೆ ಇದ್ದ ಮಸುಕೂ ಹೋಗಬಹುದು. ಡಾಕ್ಟರು ಇದನ್ನೂ ಮುಚ್ಚಿಡಲಿಲ್ಲ.

ನಾನು ಹೂಂ ಅಂದೆ. ಕಣ್ಣಿಗಾಗಿ ಅಲ್ಲ. ಬಾಣಂತನಕ್ಕಾಗಿ.

ಆಪರೇಷನ್ ಟೇಬಲ್ ಮೇಲೆ ನೋವು ಇಂಜೆಕ್ಷನ್ನಿನದು ಮಾತ್ರ. ಆಮೇಲೆ ಯಾರೋ ಕಣ್ಣನ್ನು ಒತ್ತಿದಂತೆ, ಎಳೆದಂತೆ. ಕಷ್ಟವೆಲ್ಲ ನಂತರ ಬಂತು. ಎರಡೂ ಕಣ್ಣಿಗೆ ಬ್ಯಾಂಡೇಜ್. ತಲೆಯ ಆ ಕಡೆ ಈ ಕಡೆ ಮರಳಿನ ಚೀಲ. ಹೊರಳಬಾರದು. ಕೆಮ್ಮಬಾರದು. ಸೀನಬಾರದು. ಅಗಿಯಬಾರದು, ಅಗಿದರೆ ಹೊಲಿಗೆಗೆ ಜಗ್ಗುತ್ತದೆ. ಬರೀ ಗಂಜಿ, ಹಾಲು.

ಬದುಕಿನಲ್ಲಿ ನಾನು ಅಷ್ಟು ದಿನ ಸುಮ್ಮನೆ ಮಲಗಿದವಳಲ್ಲ.

ಇವರು ರಜೆ ಹಾಕಿ ಪಕ್ಕದಲ್ಲಿ ಕೂತಿದ್ದರು. ಚಮಚದಿಂದ ಗಂಜಿ ಹಾಕುವಾಗ ಪ್ರತಿ ಸಲ "ಬಂತು" ಎನ್ನುತ್ತಿದ್ದರು, ನಾನು ಬಾಯಿ ತೆರೆಯಲೆಂದು. ಹೊಗೆಯ ವಾಸನೆಯಿಂದ ಗಂಜಿ ನಮ್ಮ ಮನೆಯ ಒಲೆಯದು ಎಂದು ತಿಳಿಯುತ್ತಿತ್ತು. ತುಂಬಿದ ಬಸುರಿ ಸರೋಜಾ ಮಾಡಿ ಮಾಬೂಬಿಯ ಕೈಯಲ್ಲಿ ಕಳಿಸುತ್ತಿದ್ದಳು. ಮಾಬೂಬಿ ಬಂದರೆ ವಾರ್ಡಿಗೇ ಗೊತ್ತಾಗುತ್ತಿತ್ತು. ಅವಳನ್ನು ಕಂಡರೆ ನರ್ಸಿಗೆ ದಿಗಿಲು, ಯಾಕೆಂದರೆ ನನಗೆ ನಗುವುದಕ್ಕೂ ಅಪ್ಪಣೆ ಇರಲಿಲ್ಲ. ಒಂದು ಮಧ್ಯಾಹ್ನ ಸೀನು ಬಂತು. ಮೂಗಿನ ತುದಿಯವರೆಗೆ ಬಂತು. ಇವರು ಗಾಬರಿಯಾಗಿ ನನ್ನ ಮೂಗು ಹಿಡಿದರು. ಸೀನು ವಾಪಸು ಹೋಯಿತು. ಇಬ್ಬರೂ ಬಹಳ ಹೊತ್ತು ಉಸಿರು ಬಿಡಲಿಲ್ಲ.

ಬ್ಯಾಂಡೇಜ್ ಬಿಚ್ಚಿದ ಮುಂಜಾನೆ ಡಾಕ್ಟರು ಬಲಗಣ್ಣಿಗೆ ಕೈ ಅಡ್ಡ ಹಿಡಿದು, ನಿಧಾನಕ್ಕೆ ಎಡಗಣ್ಣು ತೆರೆಯಿರಿ ಎಂದರು. ಆಕಾರ ಯಾವುದೂ ತಿಳಿಯಲಿಲ್ಲ, ನೀರಿನಡಿಯಿಂದ ನೋಡಿದ ಹಾಗೆ. ಆದರೆ ಬಣ್ಣ. ಗೋಡೆ ಬೆಳದಿಂಗಳಿನ ಬಿಳುಪು. ಕಿಟಕಿಯಾಚೆ ಇಂಥದು ಇತ್ತೆಂಬುದನ್ನೇ ನಾನು ಮರೆತಿದ್ದ ಒಂದು ನೀಲಿ. ಮಂಚದ ಕಾಲಬದಿಗೆ ಇನ್ನೊಂದು ನೀಲಿ ನಿಂತಿತ್ತು. ಅದರ ಮೇಲೆ ಒಂದು ಕರಿ ಟೊಪ್ಪಿಗೆ.

"ಇದನ್ನ ಉಟ್ಕೊಂಡ ಸಾಲಿಗೆ ಹೋಗ್ತಿದ್ರೇನ್ರಿ?"

"ಇದರ ಬಣ್ಣ ಸ್ವಲ್ಪ ಬಿಟ್ಟೈತಿ. ಮೊದಲಿಂದು ನೋಡಬೇಕಿತ್ತು." ತಡೆದು ಹೇಳಿದರು, "ಹುಡುಗ್ರು ಆಕಾಶ ಮಾಸ್ತರ ಅಂತಿದ್ರು. ಹಿಂದಿನಿಂದ."

ನಗಬಾರದು. ನಗಲಿಲ್ಲ. ಕಣ್ಣೀರೂ ಬರಬಾರದು ಅಂದಿದ್ದರು. ಅದನ್ನು ಮಾತ್ರ ತಡೆಯಲಾಗಲಿಲ್ಲ.

ಕನ್ನಡಕಕ್ಕೆ ಹೋದ ದಿನ ಡಾಕ್ಟರು ಒಂದು ಪುಟ್ಟ ಬಾಟಲಿ ತೋರಿಸಿದರು. ಔಷಧದ ನೀರಿನಲ್ಲಿ ಹುಣಸೆಬೀಜದಷ್ಟು ಒಂದು ತುಣುಕು, ಹಳೆಯ ಬೆಲ್ಲದ ಬಣ್ಣದ್ದು. ನನ್ನ ಲೆನ್ಸು.

"ಇಷ್ಟೂ ದಿನ ನನ್ನ ಕೈಲಿ ನೀಲಿ ಹಾಕಿಸಿದಾಕಿ ಇಕಿನ ಏನ್ರಿ?" ಎಂದೆ.

ಪರದೆ ಎಳೆದು, ಅದೇ ದೀಪ ಹಚ್ಚಿದರು. ಬಾಟಲಿಯೊಳಗೆ ಬೆಲ್ಲದ ಚೂರು ಹಸಿರಾಗಿ ಬೆಳಗಿತು. ಆದರೆ ನನ್ನ ಕಣ್ಣು ಅಲ್ಲಿ ನಿಲ್ಲಲಿಲ್ಲ.

"ಈ ಸಲ ದೀಪ ದೊಡ್ಡದು ಮಾಡೀರೇನ್ರಿ?"

"ಇಲ್ಲಲ್ಲ. ಯಾಕ?"

"ಬೆಳ್ಳಗ, ನೀಲಿ ಬೆರೆತಂಗ, ಫಳಫಳ ಹೊಳ್ಯಾಕತ್ತೈತಿ."

ಡಾಕ್ಟರು ದೀಪದ ಕಡೆ ಮತ್ತೊಮ್ಮೆ ನೋಡಿದರು. ಆಮೇಲೆ ಹೇಳಿದರು: "ನನಗ ಅದು ಬರೇ ಮಬ್ಬು ನೇರಳೆ ಕಾಣ್ತದ್ರಿ. ಆ ಬೆಳಕನ್ನ ನಮ್ಮ ಲೆನ್ಸು ಒಳಗ ಬಿಡೂದಿಲ್ಲ. ನಿಮ್ಮ ಎಡಗಣ್ಣಾಗ ಈಗ ಲೆನ್ಸ ಇಲ್ಲ, ತಡಿಯವರು ಯಾರೂ ಇಲ್ಲ."

ಕನ್ನಡಕ ಬಂತು. ಎಡಗಡೆ ಬೆಣಚುಕಲ್ಲಿನಷ್ಟು ದಪ್ಪದ ಗಾಜು. ಎರಡೂ ಕಣ್ಣು ತೆರೆದರೆ ಒಂದರಲ್ಲಿ ದೊಡ್ಡದು ಒಂದರಲ್ಲಿ ಸಣ್ಣದು ಎರಡೆರಡು ಕಾಣುತ್ತವೆಂದು ಬಲಗಡೆ ಮಬ್ಬು ಗಾಜು. ಎಲ್ಲವೂ ದೊಡ್ಡದು, ಎಲ್ಲವೂ ಹತ್ತಿರ. ತಂಬಿಗೆಯಿಂದ ನೀರು ಸುರಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಮೆಟ್ಟಿಲು ಎದ್ದು ಎದುರಿಗೆ ಬರುತ್ತಿತ್ತು. ಕಲಿಯುತ್ತಿದ್ದೆ. ಕಲಿಯುತ್ತಿರುವಾಗಲೇ ಸರೋಜಾಳಿಗೆ ಬ್ಯಾನೆ ಎದ್ದಿತು.

ಗಂಡು ಕೂಸು. ಹೆರಿಗೆ ದವಾಖಾನೆಯಿಂದ ಲಗೂನೇ ಮನೆಗೆ ಕಳಿಸಿದರು. ಗದಗದಿಂದ ಬೀಗತಿ ಬಂದರು. ಕೂಸಿಗೆ ಎರೆಯುವಾಗ ನಾನು ಕಾಲು ಚಾಚಿ ಕೂತು ಅವನನ್ನು ಕಾಲಮೇಲೆ ಮಲಗಿಸಿಕೊಳ್ಳುತ್ತಿದ್ದೆ. ನೀರು ಹಾಕುವುದು ಮಾಬೂಬಿ. ನನ್ನ ತಂಬಿಗೆಯ ಗುರಿ ಇನ್ನೂ ನಂಬುವಂತಿರಲಿಲ್ಲ. ಬೀಗತಿ ನೋಡುತ್ತ ಕೂತಿರುತ್ತಿದ್ದರು. ನಾನು ಮುಗ್ಗರಿಸುವುದನ್ನು ಕಾಯುತ್ತಿದ್ದರೆಂದಲ್ಲ, ಮುಗ್ಗರಿಸಿದರೆ ಹಿಡಿಯಲು ತಯಾರಾಗಿದ್ದರು.

ಬಾಣಂತಿಯ ಕೋಣೆಗೆ ನಮ್ಮಲ್ಲಿ ಬೆಳಕು ಬಿಡುವುದಿಲ್ಲ. ಕಿಟಕಿ ಮುಚ್ಚಿ, ಕಿವಿಗೆ ಅರಿವೆ ಕಟ್ಟಿ, ಕುಳ್ಳಿನ ಬೆಂಕಿ, ಲೋಬಾನದ ಹೊಗೆ, ಮೂಲೆಯಲ್ಲಿ ಒಂದು ಎಣ್ಣೆದೀಪ. ಅದರ ಬೆಳಕಿನಲ್ಲಿ ಎಲ್ಲರೂ ಹಳದಿ.

"ಬಂಗಾರದಂಥ ಬಣ್ಣ, ಅವರಪ್ಪಂದ ಬಂದೈತಿ," ಎಂದು ಬೀಗತಿ ದೃಷ್ಟಿ ತೆಗೆದರು.

ನನಗೆ ಮಾತ್ರ ಸಂಶಯ ಹತ್ತಿತ್ತು. ಎರೆಯುವಾಗ ಬಚ್ಚಲಿನ ಬೆಳಕಿಂಡಿಯಿಂದ ಒಂದು ಕೋಲುಬೆಳಕು ಅವನ ಹಣೆಯ ಮೇಲೆ ಬಿದ್ದಿತ್ತು. ಹಳದಿ. ಹೌದೋ ಅಲ್ಲವೋ. ಹಿಂದೆಯೂ ಹಳದಿ ಕಂಡವಳು ನಾನೇ. ಗಂಡನನ್ನು ಊರ ತುಂಬ ನೀಲಿಯಲ್ಲಿ ತಿರುಗಿಸಿದವಳು ನಾನೇ. ಈಗ ಬೀಗತಿಯ ಎದುರು, ಮೊಮ್ಮಗ ಹಳದಿಯಾಗಿದ್ದಾನೆ ಎಂದು ಯಾವ ಬಾಯಿಂದ ಹೇಳಲಿ? ಹೇಳಿ ಅದು ಸುಳ್ಳಾದರೆ ಇನ್ನು ಈ ಕೈಗೆ ಕೂಸು ಕೊಡಲಾರರು. ಹೇಳದೆ ಅದು ಖರೆಯಾದರೆ?

ಪೆಟ್ಟಿಗೆಯಿಂದ ಒಂದು ಹೊಸ ಧೋತರ ತೆಗೆದೆ. ನೀಲಿ ಕಾಣದ್ದು, ಮಡಿಕೆ ಮುರಿಯದ್ದು. ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ನಡೆದೆ.

"ಅಕ್ಕಾರ, ಹೆಸರಿಡೂ ಮುಂಚೆ ಕೂಸಿನ್ನ ಬಯಲಿಗೆ ತರ್ತಾರೇನ್ರಿ," ಎಂದು ಬೀಗತಿ ಹಿಂದೆಯೇ ಬಂದರು.

"ಒಂದ ನಿಮಿಷ್ರಿ."

ಧೋತರ ಹಾಸಿ ಅದರ ಮೇಲೆ ಅವನನ್ನು ಮಲಗಿಸಿದೆ. ಕನ್ನಡಕ ತೆಗೆದು, ಎಡಗಣ್ಣು ಮುಚ್ಚಿ, ಹಳೆಯ ಬಲಗಣ್ಣಿನಿಂದ ನೋಡಿದೆ. ಧೋತರ ಹಳದಿ, ಕೂಸು ಹಳದಿ, ಎಲ್ಲ ಒಂದೇ. ಕನ್ನಡಕ ಹಾಕಿ ಎಡಗಣ್ಣಿನಿಂದ ನೋಡಿದೆ. ಧೋತರ ಬಿಳಿ. ಕೂಸು ಹಳದಿ. ಹೆಬ್ಬೆರಳಿನಿಂದ ಅವನ ಹಣೆ ಮೆಲ್ಲಗೆ ಒತ್ತಿ ಬಿಟ್ಟೆ. ಬೆರಳಿನ ಗುರುತೂ ಹಳದಿ. ಅಷ್ಟರಲ್ಲಿ ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಒಮ್ಮೆ ತೆರೆದ. ಕಣ್ಣಿನ ಬಿಳಿಯೂ ಬಿಳಿಯಾಗಿರಲಿಲ್ಲ.

"ಕೂಸಿಗೆ ಕಾಮಣಿ ಆಗೈತ್ರಿ," ಎಂದೆ.

"ಶಾಂತಕ್ಕಾರ, ನಿಮ್ಮ ಕಣ್ಣು..." ಬೀಗತಿ ಅಲ್ಲಿಗೇ ನಿಲ್ಲಿಸಿದರು.

ಬಾಗಿಲಿಗೆ ಆತುಕೊಂಡು ಸರೋಜಾ ನಿಂತಿದ್ದಳು, ತಲೆಗೆ ಅರಿವೆ ಕಟ್ಟಿಕೊಂಡು. "ಅವ್ವ ಹಳದಿ ಅಂದ್ಲಂದ್ರ ಹಳದಿ. ಅಪ್ಪಾ, ಟಾಂಗಾ ತಗೊಂಬರ್ರಿ."

ಮಕ್ಕಳ ಡಾಕ್ಟರು ನೋಡಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಹೊಸಗೂಸುಗಳಿಗೆ ಈ ಕಾಮಾಲೆ ಆಗುವುದುಂಟು, ಹೆಚ್ಚಿನವು ತಾವೇ ಆರಾಮಾಗುತ್ತವೆ, ಆದರೆ ಇವನದು ಏರುತ್ತಿದೆ, ಕಣ್ಣಿಟ್ಟು ನೋಡಬೇಕು ಎಂದರು. ತಾಯಿ ಕೂಸು ಇಬ್ಬರನ್ನೂ ಇರಿಸಿಕೊಂಡರು. ಮೇಲಿಂದ ಮೇಲೆ ಹಾಲು ಕೊಡಿಸಿದರು. ಮರುದಿನವೂ ಏರಿತ್ತು. ಆಮೇಲೆ ನಿಂತಿತು. ಆಮೇಲೆ ಇಳಿಯಿತು.

"ಕತ್ತಲಿ ಕೋಣ್ಯಾಗ ಯಾರಿಗೆ ಕಾಣಿಸ್ತು ಇದು?" ಎಂದು ಡಾಕ್ಟರು ಕೇಳಿದಾಗ ಬೀಗತಿಯೇ ಹೇಳಿದರು, "ಇವರಿಗ್ರಿ. ನಮ್ಮ ಬೀಗತೇರಿಗೆ." ಮನೆಗೆ ಬಂದ ಮೇಲೆ ಕಿಟಕಿಯ ಒಂದು ಬಾಗಿಲು ತೆರೆದವರೂ ಅವರೇ. ಗದಗಕ್ಕೆ ಹೊರಡುವಾಗ ಕೂಸನ್ನು ಸರೋಜಾಳ ಮಡಿಲಿನಿಂದ ತೆಗೆದು ನನ್ನ ಕೈಗೆ ಕೊಟ್ಟು, "ಐದು ತಿಂಗಳು ತುಂಬಿದ ಮ್ಯಾಲ ಕಳಿಸ್ರಿ, ಅವಸರಿಲ್ಲ," ಎಂದರು.

ಈಗ ಅವನು ಮಗ್ಗಲು ಹೊರಳುತ್ತಾನೆ. ನನ್ನ ದಪ್ಪ ಗಾಜು ಕಂಡರೆ ಕೈ ಚಾಚುತ್ತಾನೆ, ಕಿತ್ತುಕೊಳ್ಳಲು. ಬಲಗಣ್ಣಿನದನ್ನು ಮುಂದೆ ನೋಡೋಣ ಎಂದಿದ್ದಾರೆ ಡಾಕ್ಟರು. ನನಗೂ ಅವಸರವಿಲ್ಲ. ತಂಬಿಗೆಯ ನೀರು ಹೆಚ್ಚಾಗಿ ಲೋಟದೊಳಗೇ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಇನ್ನೂ ಗೋಡೆ ಹಿಡಿಯುತ್ತೇನೆ. ಸೂಜಿಗೆ ದಾರ ಸರೋಜಾ ಪೋಣಿಸಿಕೊಡುತ್ತಾಳೆ. ಹೋದದ್ದು ಹೋಯಿತು, ಬಂದದ್ದು ಕಡಿಮೆಯಲ್ಲ.

ಮೊನ್ನೆ ಹಿತ್ತಲಲ್ಲಿ ಧೋತರ ಹಿಂಡಿಟ್ಟು ಇವರನ್ನು ಕರೆದೆ, ಎಂದಿನಂತೆ ನೀಲಿ ಆಡಿಸಿ ಹೋಗಿರಿ ಎಂದು. ಡಬ್ಬಿ ಹಿಡಿದುಕೊಂಡು ಬಂದರು. ಬಕೆಟ್ಟಿನ ಪಕ್ಕ ಅದನ್ನು ಇಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡು, ಸಾಲಿಗೆ ಹೊರಟೇಬಿಟ್ಟರು.

"ಎಷ್ಟ ಹಾಕಲ್ರಿ?" ಎಂದು ಕೂಗಿ ಕೇಳಿದೆ.

ಬಾಗಿಲ ಹತ್ತಿರದಿಂದ ಹೇಳಿದರು: "ನೀನ ನೋಡು."